ಪ್ರತಿಮೆ ಎತ್ತಿಸಲು ಹೋಗಿ

ಒಂದು ಪ್ರತಿಮೆಯನ್ನು ಅದರ ಜಾಗದಿಂದ ಎತ್ತಿಸುವುದು ಮಹಾ ಕೆಲಸವೇನಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಪ್ರತಿಮೆ ಸಿಮೆಂಟಿನದು, ಕ್ರೇನ್ ಸರ್ಕಾರದ್ದು, ಮಾತು ನನ್ನದು. ಇನ್ನೇನು ಬೇಕು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗಳಿಸಿದ ಸ್ಟೀಲ್ ಕಪ್ಪುಗಳು ಮನೆಯ ಶೆಲ್ಫಿನಲ್ಲಿ ಸಾಲಾಗಿ ನಿಂತಿವೆ. ಅಮ್ಮ ಅವುಗಳಲ್ಲಿ ಗುಂಡಿ, ಹುಕ್ಕು, ಬಾಬಿನ್ನುಗಳನ್ನು ವಿಂಗಡಿಸಿ ಇಟ್ಟಿದ್ದಾರೆ. ಮಗಳ ವಾಕ್ಚಾತುರ್ಯದಿಂದ ಗುಂಡಿಗೆ ಜಾಗವಾಗುವುದಲ್ಲದೆ ಬೇರೆ ಪ್ರಯೋಜನವೂ ಇದೆ ಎಂದು ಅವರಿಗೆ ತೋರಿಸಿಕೊಡುವ ಸುಸಂದರ್ಭ ಒದಗಿ ಬಂದಿತ್ತು!

ಅಮ್ಮನದು ಹಲಸೂರು ಮಾರುಕಟ್ಟೆಯ ಹತ್ತಿರದ ಒಂದು ತಿರುವಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಅಂಗಡಿಗೂ ರಸ್ತೆಗೂ ನಡುವೆ ಜನಬಂಧು ಕೆಂಪರುದ್ರಯ್ಯನವರು ನಿಂತಿದ್ದಾರೆ. ಅಂದರೆ ಅವರ ಪ್ರತಿಮೆ. ಬಂಗಾರದ ಬಣ್ಣ ಬಳಿದ ಮೈ, ಸುತ್ತ ಕಬ್ಬಿಣದ ಕಟಕಟೆ, ಬೆನ್ನು ನಮ್ಮ ಅಂಗಡಿಗೆ, ಬಲಗೈ ತೋರುಬೆರಳು ಎದುರಿನ ಕಲ್ಯಾಣ ಮಂಟಪಕ್ಕೆ. ಮಂಟಪ ಇರುವಲ್ಲಿ ಮೊದಲು ಮಕ್ಕಳು ಆಡುವ ಮೈದಾನವಿತ್ತು. ಆ ಮೈದಾನ ಜನಬಂಧುಗಳ ಭಾವಮೈದುನನ ಪಾಲಾದದ್ದು ಹೇಗೆ ಎಂದು ಕಂಡುಹಿಡಿಯಲು ಕೋರ್ಟಿಗೆ ಎಷ್ಟೋ ವರ್ಷ ಹಿಡಿಯಿತು. ಪ್ರತಿಮೆ ಮಾತ್ರ ಮೊದಲ ದಿನದಿಂದಲೇ ಬೆರಳು ತೋರಿಸಿ ಒಪ್ಪಿಕೊಂಡಿತ್ತು!

ಬದುಕಿರುವಾಗಲೇ ಪ್ರತಿಮೆ ಯಾಕೆ ಸ್ವಾಮಿ ಎಂದು ಯಾರೋ ಕೇಳಿದ್ದಕ್ಕೆ, "ಸತ್ತ ಮೇಲೆ ಯಾರಿಡ್ತಾರೆ?" ಎಂದು ಅವರೇ ಹೇಳಿದ್ದರಂತೆ. ನಾಯಕನಿಗೆ ಇರಬೇಕಾದ ದೂರದೃಷ್ಟಿ. ಈಗ ಶಿಕ್ಷೆಯಾಗಿ, ಜಾಮೀನಿನ ಮೇಲೆ ಹೊರಗಿದ್ದಾರೆ.

ಇದರಲ್ಲಿ ಅಮ್ಮನ ಸಂಕಟವೇನೆಂದರೆ, ಅಂಗಡಿಯ ಬೋರ್ಡು ರಸ್ತೆಗೆ ಕಾಣುವುದಿಲ್ಲ. ಕಾಣುವುದು ಜನಬಂಧುಗಳ ಪಂಚೆ. ಹಳೆಯ ಗಿರಾಕಿಗಳು ಕಟಕಟೆ ಸುತ್ತಿ ಬರುತ್ತಾರೆ. ಹೊಸಬರು ಮುಂದಿನ ಗಾಜಿನ ಬಾಗಿಲಿನ ಬೂಟಿಕ್ಕಿಗೆ ನಡೆಯುತ್ತಾರೆ. ಈ ಹಬ್ಬದ ಸೀಸನ್ನೂ ಹೀಗೇ ಕಳೆದರೆ ಅಂಗಡಿ ಮುಚ್ಚಿಬಿಡುತ್ತೇನೆ ಎಂದು ಅಮ್ಮ ಹೇಳತೊಡಗಿದ್ದರು. ಅಷ್ಟರಲ್ಲೇ ವಾರ್ಡ್ ಕಚೇರಿಯ ಚೀಟಿ ಗೋಡೆಗೆ ಅಂಟಿತು: ಪ್ರತಿಮೆ ಇರಬೇಕೋ ಬೇಡವೋ, ಭಾನುವಾರ ಬೆಳಿಗ್ಗೆ ಶಾಲೆಯ ಹಾಲಿನಲ್ಲಿ ಸಾರ್ವಜನಿಕ ಸಭೆ.

"ನೋಡೇ ಸಹನಾ," ಎಂದರು ಅಮ್ಮ. ಸಹನಾ ನನ್ನ ಹೆಸರು. ಇಟ್ಟವರಿಗೆ ಆಗಿನ್ನೂ ನನ್ನ ಪರಿಚಯವಿರಲಿಲ್ಲ. "ಅಲ್ಲಿ ಹೋಗಿ ಜಗಳ ತೆಗೀಬೇಡ. ಅಂಗಡಿ ಕಾಣಲ್ಲ, ಪ್ರತಿಮೆ ತೆಗೀರಿ ಅನ್ನು, ಕೂತ್ಕೋ. ಎರಡೇ ಮಾತು."

"ಎರಡು ಮಾತಿಗೆ ಯಾರಮ್ಮ ಪ್ರತಿಮೆ ತೆಗೀತಾರೆ? ಪೀಠಿಕೆ ಬೇಕು, ವಾದ ಬೇಕು, ಖಂಡನೆ ಬೇಕು."

"ಬ್ಲೌಸಿಗೆ ಲೈನಿಂಗ್ ಸಾಕು, ಕಂಬಳಿ ಬೇಡ. ನಿಂಗೆ ಅದು ಗೊತ್ತಾಗಲ್ಲ ಅಂತ್ಲೇ ನಿಖತ್‌ಗೂ ಬರೋಕೆ ಹೇಳಿದೀನಿ."

ನಿಖತ್!

ನನ್ನ ಬಾಳಿನಲ್ಲಿ ನೆಮ್ಮದಿ ಇಲ್ಲದಿರುವುದಕ್ಕೆ ಮೂಲಕಾರಣ ಈಕೆ. ಶಿವಾಜಿನಗರದವಳು, ರಸೆಲ್ ಮಾರುಕಟ್ಟೆಯಲ್ಲಿ ಅವಳಪ್ಪನ ಹಣ್ಣಿನ ಅಂಗಡಿ. ಮನೆಯಲ್ಲಿ ದಖನಿ ಮಾತು. ಆದರೆ ವೇದಿಕೆ ಹತ್ತಿ ಕನ್ನಡದಲ್ಲಿ ಬಾಯಿ ತೆರೆದರೆ ತೀರ್ಪುಗಾರರು ಅಂಕ ಹಾಕುವುದನ್ನು ಮರೆತು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು. ಕಾಲೇಜಿನಲ್ಲಿ ನಮ್ಮಿಬ್ಬರದು ಒಂದೇ ತಂಡ. ಅವಳು ಪ್ರಥಮ, ನಾನು ದ್ವಿತೀಯ. ಮೇಲೆ ಹೇಳಿದ ಕಪ್ಪುಗಳೆಲ್ಲ ದ್ವಿತೀಯದವು. ಒಂದು ಮಾತ್ರ ಪ್ರಥಮ. ಆ ದಿನ ಅವಳಿಗೆ ಜ್ವರ. ನಮ್ಮ ಮನೆಗೆ ಬಂದರೆ ಅಮ್ಮನಿಗೆ ಸಪೋಟ ತರುತ್ತಾಳೆ, ಸೂಜಿಗೆ ದಾರ ಪೋಣಿಸಿ ಕೊಡುತ್ತಾಳೆ. ಹೆಂಚಿಗೆ ಅಂಟಿ ಹರಿಯುವ ಮೊದಲನೇ ದೋಸೆ ನನ್ನ ತಟ್ಟೆಗೆ; ಗರಿಗರಿಯಾಗಿ ಎದ್ದು ಬರುವ ಎರಡನೆಯದು ನಿಖತ್ ತಟ್ಟೆಗೆ. ನನಗೇನೂ ಹೊಟ್ಟೆಕಿಚ್ಚಿಲ್ಲ. ನಡೆದದ್ದನ್ನು ದಾಖಲಿಸುತ್ತಿದ್ದೇನೆ, ಅಷ್ಟೇ.

ಭಾನುವಾರಕ್ಕೆ ನಾನು ಮೂರು ಬಣ್ಣದ ಕಾರ್ಡುಗಳಲ್ಲಿ ಭಾಷಣ ಸಿದ್ಧಪಡಿಸಿದೆ. ಕೆಂಪು ವಾದಕ್ಕೆ, ನೀಲಿ ಉದಾಹರಣೆಗೆ, ಹಸಿರು ಖಂಡನೆಗೆ. ಹಸಿರು ಕಾರ್ಡು ಎಲ್ಲೋ ಬಿದ್ದು, ಅದನ್ನು ಹುಡುಕಿ ಹೊರಡುವಷ್ಟರಲ್ಲಿ ಇಪ್ಪತ್ತು ನಿಮಿಷ ತಡವಾಯಿತು. ಹಾಲಿನಲ್ಲಿ 'ತೆಗೆಯಬೇಕು' ಎಂಬ ಪಟ್ಟಿಯ ಮೊದಲ ಹೆಸರು ಆಗಲೇ ನಿಖತ್‌ಳದಾಗಿತ್ತು.

"ಬಾರೇ, ನಿನ್ನ ಹೆಸ್ರೂ ಬರ್ಸಿದೀನಿ," ಎಂದಳು. "ಬೇಕಾದ್ರೆ ನೀನೇ ಮೊದ್ಲು ಮಾತಾಡು. ನಿಮ್ಮನೆ ವಿಷಯ ತಾನೇ?"

ಬಿಟ್ಟುಕೊಡುವುದರಲ್ಲೂ ಪ್ರಥಮ! "ಬೇಡ ಬಿಡು, ಸರದಿ ಅಂದ್ರೆ ಸರದಿ," ಎಂದು ಗತ್ತಿನಿಂದ ಹೇಳಿ ಹಿಂದೆ ಕೂತೆ. ನನ್ನ ಜೀವಮಾನದ ಗತ್ತುಗಳಲ್ಲಿ ಅತ್ಯಂತ ದುಬಾರಿಯಾದದ್ದು ಅದು.

ನಿಖತ್ ಕಾರ್ಡು ಹಿಡಿಯಲಿಲ್ಲ. "ಪ್ರತಿಮೆ ಅಂದ್ರೆ ಊರು ಕೊಡೋ ಮರ್ಯಾದೆ," ಎಂದಳು. "ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಹಕ್ಕೂ ಊರಿಗೇ ಇರುತ್ತೆ." ಅದು ನನ್ನ ಕೆಂಪು ಕಾರ್ಡು! "ಮೈದಾನ ತಿಂದವರ ಪಾದ ನೋಡ್ಕೊಂಡು ಮಕ್ಳು ದಿನಾ ಸ್ಕೂಲಿಗೆ ಹೋಗ್ಬೇಕಾ?" ನೀಲಿ ಕಾರ್ಡು! ಅವಳು ಕದ್ದಿರಲಿಲ್ಲ. ಅದೇ ಮಾತು ಅವಳಿಗೂ ಹೊಳೆದಿತ್ತು, ನನಗಿಂತ ಚೆನ್ನಾಗಿ, ನನಗಿಂತ ಚಿಕ್ಕದಾಗಿ. ಹಾಲಿನ ತುಂಬ ಚಪ್ಪಾಳೆ. ಹೂವಿನ ಸೆಲ್ವಿಯಕ್ಕ "ಸೂಪರ್ ಮಾ!" ಎಂದು ಶಿಳ್ಳೆ ಹಾಕಿದರು. ಮೂರನೇ ಸಾಲಿನಲ್ಲಿದ್ದ ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಯಾವ ದ್ವಿತೀಯಕ್ಕೂ ಅಮ್ಮ ಎದ್ದು ನಿಂತವರಲ್ಲ.

ಇನ್ನು ನಾನು ಏನು ಹೇಳಬೇಕು? "ನಿಖತ್ ಹೇಳಿದ್ದು ಸರಿ" ಎಂದೇ?

ಅಷ್ಟರಲ್ಲಿ ವಾರ್ಡ್ ಕಚೇರಿಯ ಅಧಿಕಾರಿಗಳು ಕನ್ನಡಕ ಏರಿಸಿ ಕೇಳಿದರು: "ತೆಗೀಬಾರ್ದು ಅನ್ನೋರು ಯಾರಾದ್ರೂ ಇದೀರೇನ್ರೀ? ಎರಡೂ ಕಡೆ ಅಭಿಪ್ರಾಯ ಬರೀಬೇಕು. ಕಾಲಂ ಖಾಲಿ ಬಿಡೋ ಹಾಗಿಲ್ಲ."

ಜನಬಂಧುಗಳ ಅಭಿಮಾನಿಗಳೆಲ್ಲ ಬೇರೆ ಬೇರೆ ಪಕ್ಷಗಳಲ್ಲಿ ಬಿಜಿಯಾಗಿದ್ದರು. ಆ ಕಾಲಂ ಖಾಲಿಯಾಗಿ ನನ್ನನ್ನೇ ನೋಡುತ್ತಿತ್ತು. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಯಾವ ಪಕ್ಷ ಬರುತ್ತದೋ ಅದೇ ನಮ್ಮ ಪಕ್ಷ. ಪರೀಕ್ಷೆ ಬೇಕು ಎಂದು ಬೆಳಿಗ್ಗೆ, ಬೇಡ ಎಂದು ಮಧ್ಯಾಹ್ನ ವಾದಿಸಿ, ಎರಡರಲ್ಲೂ ದ್ವಿತೀಯ ಬಂದವಳು ನಾನು. ಅಂಥವಳಿಗೆ ಎದುರಾಳಿ ನಿಖತ್, ಎದುರುಪಕ್ಷ ಖಾಲಿ!

ಕೈ ತಾನಾಗಿಯೇ ಮೇಲೆ ಹೋಯಿತು.

"ಸಹನಾ!" ಎಂದು ಅಮ್ಮ ಪಿಸುಗುಟ್ಟಿದ್ದು ಕೇಳಿಸಿತು. ಪ್ರೋತ್ಸಾಹ ಎಂದುಕೊಂಡೆ.

ಅಂದು ನಾನು ಮಾತಾಡಿದ ಹಾಗೆ ಎಂದೂ ಮಾತಾಡಿಲ್ಲ. "ಪ್ರತಿಮೆ ಇರಲಿ!" ಎಂದೆ. "ತೆಗೆದ್ರೆ ಗೆಲ್ಲೋರು ಯಾರು? ಕೆಂಪರುದ್ರಯ್ಯನೋರೇ! ಅವ್ರು ಮಾಡಿದ್ದನ್ನ ನಾವು ಮರ್ತುಬಿಡ್ತೀವಿ. ಅವ್ರಿಗೆ ಹಾರ ಹಾಕಿದ್ದು ಯಾರು? ನಾವು. ವೋಟು ಹಾಕಿದ್ದು ಯಾರು? ನಾವು. ಈ ನಾಚಿಕೆ ನಮ್ಮ ಕಣ್ಮುಂದೆ ಇರ್ಬೇಕು. ಕೆಳಗೆ ಒಂದು ಫಲಕ ಹಾಕಿ, ಎಲ್ಲಾ ಸತ್ಯ ಬರೀರಿ, ಮುಂದಿನೋರಿಗೆ ಎಚ್ಚರಿಕೆ ಆಗ್ಲಿ!" ಜನ ಮುಂದಕ್ಕೆ ಬಾಗಿ ಕೇಳಿದರು. ನನಗೇ ನನ್ನ ವಾದ ಸರಿ ಅನ್ನಿಸತೊಡಗಿತು. ಕೇಡುಗಾಲ ಬರುವುದು ಹೀಗೆಯೇ.

ನಿಖತ್ ಎದ್ದಳು. ಧ್ವನಿ ಏರಿಸಲಿಲ್ಲ. "ಪಾಠ ಬೇಕು, ಒಪ್ಪಿದೆ. ಆದ್ರೆ ನಾವೆಲ್ಲಾ ಸೇರಿ ಮಾಡಿದ ತಪ್ಪಿಗೆ ಒಂದು ಅಂಗಡಿಯವ್ರೇ ಯಾಕೆ ಶಿಕ್ಷೆ ಅನುಭವಿಸ್ಬೇಕು? ಅವ್ರ ಬಾಗಿಲು ಮುಚ್ಚೋಗಿದೆ."

ಅವಳು ಹೇಳುತ್ತಿದ್ದದ್ದು ನನ್ನಮ್ಮನ ಅಂಗಡಿಯ ವಿಷಯ. ನನಗೆ ಕಂಡದ್ದು ಖಂಡನೆಗೆ ಸಿಕ್ಕಿದ ಬಿರುಕು! ಹಸಿರು ಕಾರ್ಡನ್ನು ಎತ್ತಿ ಹಿಡಿದು ಗುಡುಗಿದೆ: "ಸಾರ್ವಜನಿಕ ಹಿತದ ಮುಂದೆ ಯಾವುದೋ ಒಂದು ಟೈಲರ್ ಅಂಗಡಿಯ ಸ್ವಾರ್ಥ ದೊಡ್ಡದಾ?"

ಹಾಲು ಅದುರುವಂಥ ಚಪ್ಪಾಳೆ. ಅದು ನಿಂತ ಮೇಲೆ ಮೂರನೇ ಸಾಲಿನ ಕಡೆ ನೋಡಿದೆ. ಯಾವುದೋ ಒಂದು ಟೈಲರ್ ಅಂಗಡಿಯ ಒಡತಿ ನನ್ನನ್ನೇ ನೋಡುತ್ತಿದ್ದರು.

ಕೈ ಎತ್ತಿಸಿ ಎಣಿಸಿದರು. ಪ್ರತಿಮೆ ಉಳಿಯಿತು. ಶಿಳ್ಳೆ ಹಾಕಿದ್ದ ಸೆಲ್ವಿಯಕ್ಕನೂ ನನ್ನ ಕಡೆ ಕೈ ಎತ್ತಿದ್ದರು. ಜೀವನದಲ್ಲಿ ಮೊದಲ ಸಲ ನಿಖತ್ ಎದುರಿಗಿದ್ದೂ ನಾನು ಪ್ರಥಮ! ಅವಳು ಬಂದು ಕೈ ಕುಲುಕಿದಳು. "ಚೆನ್ನಾಗಿ ಮಾತಾಡ್ದೆ ಕಣೇ. ಈಗ ಆಂಟಿಗೆ ಏನ್ ಹೇಳ್ತೀಯಾ?"

ಅದಕ್ಕೆ ಯಾವ ಬಣ್ಣದಲ್ಲೂ ನನ್ನ ಹತ್ತಿರ ಕಾರ್ಡು ಇರಲಿಲ್ಲ.

ಮನೆಯ ಮೆಟ್ಟಿಲಲ್ಲಿ ಅಮ್ಮ ಒಂದೇ ಪ್ರಶ್ನೆ ಕೇಳಿದರು: "ಅಲ್ವೇ, ನಿಖತ್ ಉಳಿಸ್ಬೇಕು ಅಂದಿದ್ರೆ ನೀನು ತೆಗೀಬೇಕು ಅಂತಿದ್ದೆ ತಾನೇ?"

"ಹೂಂ."

"ಅಷ್ಟು ಗೊತ್ತಿದ್ರೆ ಅವಳಿಗೆ ಉಳಿಸು ಅಂತಾನೇ ಹೇಳ್ಕೊಡ್ತಿದ್ದೆ."

ತಿಂಗಳಲ್ಲಿ ಫಲಕದ ಕೆಲಸ ಶುರುವಾಯಿತು. ಸರ್ಕಾರಿ ಕೆಲಸ ಇಷ್ಟು ಬೇಗ ಆದದ್ದನ್ನು ನಾನು ಕಂಡಿಲ್ಲ; ನನ್ನ ದುರದೃಷ್ಟಕ್ಕೆ ದಕ್ಷತೆಯೂ ಕೈಜೋಡಿಸಿತ್ತು. ಫಲಕ ನಿಲ್ಲಿಸಲು ಪೀಠ ಅಗಲ ಮಾಡಬೇಕೆಂದರು ಇಂಜಿನಿಯರು. ಮುಂದಕ್ಕೆ ಬಂದರೆ ರಸ್ತೆ. ಆದ್ದರಿಂದ ಹಿಂದಕ್ಕೆ ಬಂದರು. ಹಿಂದೆ ಎಂದರೆ ನಮ್ಮ ಅಂಗಡಿ! ಈಗ ಅಮ್ಮ ಅಡ್ಡಡ್ಡಲಾಗಿ ನುಸುಳಿ ಒಳಗೆ ಹೋಗಬೇಕು. ಜೊತೆಗೆ ಫಲಕವೂ ಹಿಂಬದಿಯಲ್ಲೇ. ಇಡೀ ಬೆಂಗಳೂರಿಗೆ ಎಚ್ಚರಿಕೆಯಾಗಬೇಕಾದ ಆ ಪಾಠ ಕಾಣುವುದು ನನ್ನ ಅಮ್ಮನೊಬ್ಬರಿಗೇ. ರಸ್ತೆಯ ಕಡೆಯಿಂದ ನೋಡಿದರೆ ಜನಬಂಧುಗಳಿಗೆ ಹೊಸ ಪೀಠ, ಹೊಸ ಬಣ್ಣ, ಭರ್ಜರಿ ಮರ್ಯಾದೆ.

ಫಲಕದ ಒಕ್ಕಣೆ ಬರೆದವರು ಯಾರು? ವಾದಿಸಿ ಗೆದ್ದ ನಾನು ಅನ್ನಬೇಡಿ. "ಒಳ್ಳೇ ಕನ್ನಡ ಬೇಕು ಕಣಮ್ಮ," ಎಂದು ಅಧಿಕಾರಿಗಳು ನಿಖತ್‌ಗೆ ಹೇಳಿದರು! ನಾಲ್ಕೇ ಸಾಲು ಬರೆದಿದ್ದಾಳೆ. ತಪ್ಪು ಹುಡುಕಲೆಂದು ಹನ್ನೊಂದು ಸಲ ಓದಿದೆ. ಒಂದೂ ಇಲ್ಲ.

ಉದ್ಘಾಟನೆಗೆ ಸಾಕ್ಷಾತ್ ಕೆಂಪರುದ್ರಯ್ಯನವರೇ ಹಾರ ಹಿಡಿದು ಬಂದರು. ಮೊದಲು ತಮ್ಮ ಪ್ರತಿಮೆಗೆ ಹಾಕಿದರು, ಆಮೇಲೆ ನನಗೆ. "ಇಂಥ ಕಾಲದಲ್ಲೂ ನನ್ನ ಪರ ನಿಂತ್ಕೊಂಡ್ಯಲ್ಲಮ್ಮ!" ಎಂದು ಕಣ್ಣೊರೆಸಿಕೊಂಡರು.

"ಸಾರ್, ಹಿಂದಿರೋ ಫಲಕ ಓದಿದ್ರಾ?"

"ನನ್ನ ಬಗ್ಗೆ ಬರೆದಿದ್ದನ್ನ ನಾನು ಓದಲ್ಲಮ್ಮ. ಅಹಂಕಾರ ಬಂದ್ಬಿಡುತ್ತೆ."

ಮರುದಿನ ಬೆಳಿಗ್ಗೆ ಕಟಕಟೆಗೆ ಒಂದು ಫ್ಲೆಕ್ಸ್ ಕಟ್ಟಿತ್ತು. ಒಂದು ಕಡೆ ಕೈಮುಗಿದ ಕೆಂಪರುದ್ರಯ್ಯ, ಇನ್ನೊಂದು ಕಡೆ ಆಳೆತ್ತರಕ್ಕೆ ನನ್ನ ಮುಖ, ಬಾಯಿ ಅಗಲಕ್ಕೆ ತೆರೆದು. ಕೆಳಗೆ 'ಯುವ ವಾಗ್ಮಿ, ನಮ್ಮ ಹೆಮ್ಮೆಯ ಸಹೋದರಿ'. ಅಮ್ಮನ ಅಂಗಡಿಯ ಬೋರ್ಡಿನಲ್ಲಿ ಅಷ್ಟಿಷ್ಟು ಕಾಣುತ್ತಿದ್ದ ಕೊನೆಯ ಮೂಲೆಯೂ ನನ್ನ ಮುಖದ ಹಿಂದೆ ಅಡಗಿತು.

ಅದನ್ನು ಬಿಚ್ಚಿಸಲು ನಾನು ಯಾವ ವಾದವನ್ನೂ ಹೂಡಲಿಲ್ಲ. ನಿಖತ್ ಬಂದು ಕತ್ತರಿ ಕೇಳಿದಳು, ಹಗ್ಗ ಕತ್ತರಿಸಿದಳು, ಮುಗಿಯಿತು. ಪ್ರತಿಮೆಯ ಬಗ್ಗೆ ಮರುಸಭೆ ಕೋರಿ ಅರ್ಜಿಯನ್ನೂ ಬರೆದಿದ್ದಾಳೆ. ಅಲ್ಲಿಯವರೆಗೆ ಅಂಗಡಿ ಮುಚ್ಚುವುದಿಲ್ಲ ಎಂದು ಅಮ್ಮ ಅವಳಿಗೆ ಮಾತು ಕೊಟ್ಟಿದ್ದಾರೆ. ಮರುಸಭೆಯ ದಿನ ನಾನು ಮನೆಯಲ್ಲೇ ಇರಬೇಕೆಂಬುದು ಇಬ್ಬರೂ ಸೇರಿ ಕೈಗೊಂಡ ಸರ್ವಾನುಮತದ ನಿರ್ಣಯ.

ಫ್ಲೆಕ್ಸನ್ನು ಅಮ್ಮ ಎಸೆಯಲಿಲ್ಲ. ಗಟ್ಟಿ ಬಟ್ಟೆ, ವ್ಯರ್ಥವಾಗಬಾರದೆಂದು ಹೊಲಿಗೆ ಯಂತ್ರಕ್ಕೆ ಹೊದಿಕೆ ಹೊಲಿದರು. ಕೆಂಪರುದ್ರಯ್ಯನವರನ್ನು ಕತ್ತರಿಸಿ ತೆಗೆದರು. ನನ್ನ ಮುಖ ಮಾತ್ರ ಅಳತೆಗೆ ಸ್ವಲ್ಪ ದೊಡ್ಡದಾಯಿತಂತೆ. ಅದಕ್ಕೇ ಮೂಗಿನಿಂದ ಕೆಳಗೆ ಒಳಕ್ಕೆ ಮಡಚಿ, ಎರಡೆರಡು ಹೊಲಿಗೆ ಹಾಕಿದ್ದಾರೆ.

ಬಹಳ ಗಟ್ಟಿ ಹೊಲಿಗೆ. ಬಿಚ್ಚುವುದಿಲ್ಲ.