ಫ್ಲಾರೆನ್ಸಿಗೆ ಹೋದ ಕುಬಸ

ಊರು ನೋಡುವ ಆಸೆ ಇದ್ದವರು ನನ್ನ ತಂಗಿಯನ್ನು ಜೋಡಿ ಕರೆದುಕೊಂಡು ಹೋಗಬಾರದು! ನಾವು ಊರು ನೋಡಿ ಬಂದರೆ, ಆಕೆ ಆ ಊರನ್ನೇ ನಮ್ಮೂರು ಮೂಡಲಗಿ ಮಾಡಿ ಬರುತ್ತಾಳೆ. ಹುಕ್ಕೇರಿಯ ಬೀಗರು ಇದನ್ನು ಕಂಡಿದ್ದಾರೆ, ಗೋಕಾಕದ ದವಾಖಾನೆಯವರೂ ಕಂಡಿದ್ದಾರೆ. ಇಟಲಿ ದೇಶದ ಫ್ಲಾರೆನ್ಸಿಗೂ ಅದೇ ಗತಿ ಬಂದೀತೆಂದು ಯಾರಿಗೆ ಗೊತ್ತಿತ್ತು?

ಅಲ್ಲಿ ನನ್ನ ಮೊಮ್ಮಗಳು ಮಾಸಿದ ಹಳೆಯ ಚಿತ್ರಗಳನ್ನು ಮತ್ತೆ ಮೊದಲಿನಂತೆ ಮಾಡುವ ಕೆಲಸದಲ್ಲಿದ್ದಾಳೆ. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟ ನನ್ನಂಥಾಕೆಯ ಮೊಮ್ಮಗಳು! ಎಷ್ಟು ಸಲ ಹೇಳಿದರೂ ನನಗೆ ಬಾಯಿ ನೋಯುವುದಿಲ್ಲ. ಈಗ ಆಕೆಗೆ ಏಳು ತಿಂಗಳು. ಡಾಕ್ಟರು ವಿಮಾನ ಹತ್ತಬ್ಯಾಡ ಅಂದರು. ಆಕೆಯ ಅವ್ವನಿಗೆ ರಜೆ ಸಿಗಲಿಲ್ಲ.

"ಹುಡುಗಿ ಬರಾಕ ಆಗದಿದ್ರ ಕುಬಸನ ಅಲ್ಲಿಗೆ ಹೋಗತೈತಿ, ನಡಿಯಕ್ಕಾ" ಅಂದಳು ತಂಗಿ. ಕುಬಸ ಅಂದರೆ ನಮ್ಮ ಕಡೆಯ ಸೀಮಂತ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಐದು ಮಂದಿ ಮಕ್ಕಳೊಂದಿಗರು, ಅಂದರೆ ಮಕ್ಕಳನ್ನು ಹೆತ್ತವರು, ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬದೆ ನಮ್ಮ ಮನೆತನದಾಗ ಒಂದು ಕೂಸೂ ಹುಟ್ಟಿಲ್ಲವಂತೆ!

ಬಳೆ ಒಡೆಯಬಾರದೆಂದು ಆಕೆ ಅವನ್ನು ಕಟಕ್ ರೊಟ್ಟಿಯ ಗಂಟಿನ ನಡುವೆ ಇಟ್ಟಿದ್ದಳು. ಅಲ್ಲಿ ಹೋಗಿ ಬಿಚ್ಚಿದರೆ ರೊಟ್ಟಿಯ ಚೂರು ಯಾವುದು, ಬಳೆಯ ಚೂರು ಯಾವುದು, ಬಣ್ಣ ನೋಡಿಯೇ ಹೇಳಬೇಕು! ಎರಡನ್ನೂ ಚೆಲ್ಲಿ ಆ ಊರಿನ ರೊಟ್ಟಿ ತಂದೆವು. ಅದಕ್ಕೆ ಉಪ್ಪೇ ಇಲ್ಲ! ಅಲ್ಲಿಯ ರೂಢಿಯೇ ಹಾಗಂತೆ. ತಂಗಿ ನಂಬಲಿಲ್ಲ. ಊರ ನಡುವೆ ಅಷ್ಟು ದೊಡ್ಡ ಗುಮ್ಮಟ ಕಟ್ಟುವ ಗಡಿಬಿಡಿಯಲ್ಲಿ ಉಪ್ಪು ಮರೆತಿರಬೇಕು ಪಾಪ ಎಂದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದಳು.

ಮರುದಿನ ಮೊಮ್ಮಗಳು ನಮ್ಮನ್ನು ಚಿತ್ರಗಳ ಅರಮನೆಗೆ ಕರೆದುಕೊಂಡು ಹೋದಳು. ಒಂದು ಚಿತ್ರದಲ್ಲಿ ರೆಕ್ಕೆ ಇದ್ದವನೊಬ್ಬ ಬಿಳಿ ಹೂವು ಹಿಡಿದು ಮೊಣಕಾಲೂರಿ, ಒಬ್ಬ ಹೆಣ್ಣುಮಗಳಿಗೆ ನಿನಗೆ ಮಗ ಹುಟ್ಟುತ್ತಾನೆಂದು ಹೇಳುತ್ತಿದ್ದಾನೆ. ಮೊಮ್ಮಗಳು ಬಣ್ಣ, ಬೆಳಕು, ನೆರಳು ಎಲ್ಲ ಬಿಡಿಸಿ ಹೇಳಿದಳು. ತಂಗಿಯ ಕಣ್ಣು ಮಾತ್ರ ಅವನ ಕೈಮೇಲೆ.

"ತವರುಮನಿ ಕಡೆಯಾಂವೇನು ಇಂವಾ?"

"ಅಲ್ಲ ಸಣ್ಣಾಯಿ, ದೇವರು ಕಳಿಸಿದಾಂವ" ಅಂದಳು ಮೊಮ್ಮಗಳು. ಆಕೆಗೆ ನಾನು ಆಯಿ, ನನ್ನ ತಂಗಿ ಸಣ್ಣಾಯಿ.

"ದೇವರು ಕಳಿಸಿದ್ರ ಬರೇ ಹೂವು ಹಿಡಕೊಂಡು ಬರೂದೇನು? ಖಣ ಎಲ್ಲಿ, ಕೊಬ್ಬರಿ ಎಲ್ಲಿ?"

ಕೇಳಿ ಸುಮ್ಮನಾದಳೇ? ಚೀಲದಿಂದ ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು ತೆಗೆದು ಚಿತ್ರದ ಕೆಳಗೆ ಇಟ್ಟೇಬಿಟ್ಟಳು! ಕಾವಲಿನ ಹೆಣ್ಣುಮಗಳು ಓಡಿಬಂದು ಬೈಯತೊಡಗಿದಳು. ನನಗಂತೂ ಜೈಲು ಕಂಡಿತು. ತಂಗಿ ಬೈಗುಳವನ್ನು ಪೂರಾ ಕೇಳಿ, ಕೈಯಲ್ಲೇ ತೊಟ್ಟಿಲು ತೂಗಿ ತೋರಿಸಿ, ಮಕ್ಕಳೆಷ್ಟು ಎಂದು ಬೆರಳಾಡಿಸಿದಳು. ಆಕೆ ಬೈಯುತ್ತ ಬೈಯುತ್ತಲೇ ಮೂರು ಬೆರಳೆತ್ತಿದಳು. ತಗೊಳ್ರಿ, ಉಡಿ ತುಂಬಲು ಒಬ್ಬಾಕಿ ಸಿಕ್ಕಳು! ಮೊಮ್ಮಗಳು ನಾಚಿಕೊಂಡು ವಿಷಯ ತಿಳಿಸಿದಾಗ ಆ ಕಾವಲಿನಾಕೆ ನಕ್ಕು ಬರಲಿಕ್ಕೆ ಒಪ್ಪಿದಳು.

ಮುಂದೆ ತಂಗಿಗೆ ಊರು ಕಾಣಲೇ ಇಲ್ಲ, ಮಕ್ಕಳೊಂದಿಗರೇ ಕಂಡರು. ಬಾಜಾರದಲ್ಲಿ ಕುರಿಹಾಲಿನ ಚೀಸು ಮಾರುವಾಕೆ ಸಿಕ್ಕಳು. ಕೆಳಗಿನ ಮನೆಯ ಮುದುಕಿ ಸಿಕ್ಕಳು. ಮೊಮ್ಮಗಳಿಗೆ ಕೆಲಸ ಕಲಿಸುವ ಅಕ್ಕೋರಿಗೂ ತೊಟ್ಟಿಲು ತೂಗಿ ತೋರಿಸಿಯಾಯಿತು. ನದಿಯ ಮೇಲಿನ ಹಳೆಯ ಸೇತುವೆಯ ತುಂಬ ಬಂಗಾರದ ಅಂಗಡಿ. ನೋಡುತ್ತ ಜನ ಬಾಯಿ ತೆರೆದು ನಿಂತಿದ್ದರೆ, ಇವಳು ಒಂದೊಂದು ಅಂಗಡಿ ಹೊಕ್ಕು ಹಸಿರು ಗಾಜಿನ ಬಳೆ ಕೇಳಿ, ಬರೀ ಬಂಗಾರ ಇಟ್ಟುಕೊಂಡಿದ್ದೀರಲ್ಲ ಎಂದು ಮರುಗಿ ಹೊರಗೆ ಬಂದಳು! ಕೊನೆಗೆ ಒಂದು ಓಣಿಯಲ್ಲಿ ಹಸಿರು ಗಾಜಿನ ಮಣಿ ಸಿಕ್ಕವು. ತಾನೇ ದಾರಕ್ಕೆ ಪೋಣಿಸಿ ಬಳೆ ಮಾಡಿದಳು.

"ಅವರು ನಾಲ್ಕು ಮಂದಿ, ಆಯಿ ಐದು, ಸಣ್ಣಾಯಿ ನೀ ಆರು. ಒಬ್ಬರು ಹೆಚ್ಚಿಗೆನ ಆದ್ರು" ಅಂದಳು ಮೊಮ್ಮಗಳು.

"ಲೆಕ್ಕದಾಗ ನನ್ನ ಹಿಡೀಬ್ಯಾಡ. ಹೋಳಿಗಿ ಯಾರು ಮಾಡವರು?"

ತಂಗಿಗೆ ಮಕ್ಕಳಾಗಲಿಲ್ಲ. ನಮ್ಮ ಕಡೆ ಯಾರ ಮನೆಯ ಕುಬಸವಿರಲಿ, ಹಾಡು ಆಕೆಯದೇ, ಹೋಳಿಗೆ ಆಕೆಯದೇ. ಉಡಿ ತುಂಬುವ ಹೊತ್ತಿಗೆ ಮಾತ್ರ ಆಕೆಗೆ ಅಡಿಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಯಾರೂ ಹೋಗು ಅನ್ನುವುದಿಲ್ಲ. ಬಾ ಅಂತಲೂ ಅನ್ನುವುದಿಲ್ಲ.

ರವಿವಾರ ಎಲ್ಲರೂ ಬಂದರು! ಚೀಸಿನಾಕೆ ದೊಡ್ಡದೊಂದು ಚೀಸಿನ ಗುಂಡೇ ತಂದಳು. ಕಾವಲಿನಾಕೆ ಕುಂಕುಮ ಹಚ್ಚಿಸಿಕೊಂಡು ಕನ್ನಡಿ ಮುಂದಿನಿಂದ ಸರಿಯಲೊಲ್ಲಳು. ಹಸಿರು ಸೀರೆಯಲ್ಲಿ ನನ್ನ ಮೊಮ್ಮಗಳು ಹೇಗೆ ಕಂಡಳೆಂದು ಹೇಳಲಿ? ಆ ಅರಮನೆಯ ಗೋಡೆಗಳ ಮೇಲೆ ಅಂಥ ಚಿತ್ರ ಒಂದೂ ಇಲ್ಲ!

ನಾನು ಅಕ್ಕಿಯ ಬೊಗಸೆ ಹಿಡಿದೆ. ಮೊಮ್ಮಗಳು ಸೆರಗು ಒಡ್ಡಲಿಲ್ಲ, ಮುಷ್ಟಿಯಲ್ಲೇ ಬಿಗಿಹಿಡಿದು ಕೂತಳು.

"ಮೊದಲ ಸಣ್ಣಾಯಿ ಬರಲಿ."

ಒಳಗೆ ಲಟ್ಟಣಿಗೆಯ ಸಪ್ಪಳ ನಿಂತಿತು. "ಐದು ಮಂದಿ ಅದಾರಲ್ಲವಾ, ತುಂಬಿಸ್ಕೋ" ಎಂದಿತು ಧ್ವನಿ.

"ನೀ ಬರೂತನಕಾ ಇದನ್ನ ಬಿಚ್ಚಾಂಗಿಲ್ಲ."

ಆ ನಾಲ್ವರಿಗೆ ಮಾತು ತಿಳಿಯಲಿಲ್ಲ, ಆದರೂ ಸರಿದು ದಾರಿ ಬಿಟ್ಟರು. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ತಂಗಿ ಹೊರಗೆ ಬಂದು ನನ್ನ ಮುಖ ನೋಡಿದಳು. ನಾನು ನನ್ನ ಬೊಗಸೆಯ ಅಕ್ಕಿಯನ್ನು ಆಕೆಯ ಬೊಗಸೆಗೆ ಸುರಿದೆ. ಮೊಮ್ಮಗಳ ಸೆರಗು ಬಿಚ್ಚಿತು.

ಐದು ಬೊಗಸೆ ಹಾಕಿದರೆ ಉಡಿ ತುಂಬಿದಂತೆ. ಆಕೆ ಐದು ಹಾಕಿದಳು, ಮತ್ತೆ ಹಾಕಿದಳು, ಸೆರಗು ಮೀರಿ ನೆಲದ ಮೇಲೆ ಚೆಲ್ಲಿದರೂ ಹಾಕುತ್ತಲೇ ಇದ್ದಳು. ಸಾಕು ಅಂತ ಯಾರು ಅಂದಾರು?