ರೋಲರಿಗೆ ಆಲ್ಟರ್ನೇಟರ್ ಹಾಕಿಸಿದ್ದು

ಏನೇನೂ ಗೊತ್ತಿಲ್ಲದ ವಿಷಯ ಮನುಷ್ಯರಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಬಲ್ಲವರನ್ನು ಕೇಳಿ, ಅವರು ಹೇಳಿದಂತೆ ಮಾಡಿ ಸುಮ್ಮನಿರಬಹುದು. ತೊಂದರೆಯೆಲ್ಲ ಇರುವುದು ಕಾಲುಭಾಗ ಗೊತ್ತಿರುವ ವಿಷಯದಲ್ಲಿ. ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ನನ್ನ ವಾರ್ಡಿನಲ್ಲಿ ಹಾಸಿಗೆಯ ಚಾದರದ ಮೂಲೆ ಲಕೋಟೆಯ ಹಾಗೆ ಮಡಚಿರಬೇಕು. ಆರು ಗಂಟೆಗೆ ಟೆಂಪರೇಚರ್ ಅಂದರೆ ಆರಕ್ಕೇ, ಆರೂ ಐದಕ್ಕಲ್ಲ. ನನ್ನ ಹೆಜ್ಜೆಯ ಸಪ್ಪಳ ಕೇಳಿದರೆ ಜ್ವರವಿಲ್ಲದವರ ಮೈಯೂ ಬಿಸಿಯಾಗುತ್ತದೆ ಎಂದು ಡಾಕ್ಟರೊಬ್ಬರು ಹೇಳುತ್ತಿದ್ದರು. ಅದನ್ನು ನಾನು ಬಹಳ ವರ್ಷ ಹೊಗಳಿಕೆ ಎಂದೇ ತಿಳಿದಿದ್ದೆ. ಇಂಥವಳ ಕೈಗೆ ನಿವೃತ್ತಿಯಾದ ಮೇಲೆ ಒಂದು ರೋಡ್ ರೋಲರ್ ಸಿಕ್ಕಿತು.

ಅದು ನಮ್ಮ ಅಪ್ಪನದು. ಅವರು ರಸ್ತೆ ಕೆಲಸದ ಸಣ್ಣ ಗುತ್ತಿಗೆದಾರರು. ಹೋಗುವಾಗ ರೋಲರನ್ನು ನನಗೂ ತಮ್ಮ ಸುರೇಶನಿಗೂ ಸೇರಿಸಿ ಬಿಟ್ಟುಹೋದರು. ಸುರೇಶನಿಗೆ ತೀರ್ಥಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ, ಪುರುಸೊತ್ತಿಲ್ಲ. ಹಾಗಾಗಿ ರೋಲರ್ ಹೊಸನಗರದ ನನ್ನ ಮನೆ ಪಕ್ಕದ ಶೆಡ್ಡಿನಲ್ಲಿ, ನನ್ನ ಆಡಳಿತದಲ್ಲಿ ನಿಂತಿತು. ಅದನ್ನು ಓಡಿಸುವವನು ಶೀನಪ್ಪ. ಓಡಿಸುವವನು ಎಂದೆ, ಅದರ ವೇಗ ನೋಡಿದರೆ ಅದರ ಜೊತೆ ಹೋಗುವವನು ಅನ್ನಬೇಕು. ಇಪ್ಪತ್ತೆರಡು ವರ್ಷದಿಂದ ಅವನಿಗೆ ಅದೊಂದೇ ಕೆಲಸ. ಅದು ಬಿಟ್ಟರೆ ಬೇರೆ ಯಾವ ವಾಹನವನ್ನೂ ಮುಟ್ಟಿದವನಲ್ಲ. ಸೈಕಲ್ ಕೂಡ ಬರುವುದಿಲ್ಲ.

ಈ ವರ್ಷ ರೋಲರಿನ ಬ್ಯಾಟರಿಗೆ ಕರೆಂಟು ತುಂಬುವ ಡೈನಮೋ ಕೆಟ್ಟಿತು, ಬ್ಯಾಟರಿ ಇಳಿದು ಎಂಜಿನ್ ಸ್ಟಾರ್ಟ್ ಆಗದಾಯಿತು. ಕಾರಾದರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು. ಎಂಟು ಟನ್ನಿನ ರೋಲರನ್ನು ತಳ್ಳುವವರು ಯಾರು? ಸುರೇಶ ಫೋನಿನಲ್ಲೇ ತೀರ್ಮಾನ ಹೇಳಿಬಿಟ್ಟ: "ಅಕ್ಕ, ಸೋಮವಾರದಿಂದ ಶಾಲೆ ಮೈದಾನದ ಕೆಲಸಕ್ಕೆ ಕೇಳಿದಾರೆ. ಅವತ್ತು ಬೆಳಿಗ್ಗೆ ಅದು ತಾನಾಗಿ ಶೆಡ್ಡಿಂದ ಹೊರಗೆ ಬಂದ್ರೆ ಸರಿ. ಇಲ್ದಿದ್ರೆ ಗುಜರಿಯವನನ್ನ ಕರ್ಕೊಂಡೇ ಬರ್ತೀನಿ." ಶೀನಪ್ಪ ಪಕ್ಕದಲ್ಲೇ ನಿಂತಿದ್ದ. ಬಟ್ಟೆ ತಗೊಂಡು ಸ್ಟೇರಿಂಗ್ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸುತ್ತಿದ್ದ. "ನೀನು ಹೆದರಬೇಡ, ನಾನಿದ್ದೀನಿ" ಎಂದು ಅವನಿಗೆ ಮಾತು ಕೊಟ್ಟೆ. ರೋಗಿಗಳಿಗೂ ನಾನು ಹಾಗೇ ಹೇಳುತ್ತಿದ್ದದ್ದು.

ಬಿಚ್ಚಿದ ಡೈನಮೋವನ್ನು ಗೋಣಿಚೀಲಕ್ಕೆ ಹಾಕಿಕೊಂಡು ಸಾಗರದ ಬಸ್ಸು ಹತ್ತಿದೆ. ಪಕ್ಕದಲ್ಲಿ ವರದಹಳ್ಳಿಗೆ ಹೊರಟಿದ್ದ ಒಬ್ಬ ಹೆಂಗಸು. ಚೀಲವನ್ನು ಒತ್ತಿ ನೋಡಿ, "ಹಲಸಿನಕಾಯಾ? ಭಾಳ ಎಳೇದು ಇದ್ದಂಗಿದೆ" ಎಂದರು. ಹಳೇದೇ ಎಂದೆ. ಹಳೇ ಹಲಸು ಯಾರಿಗೆ ಒಯ್ಯುತ್ತೀರಿ ಎಂದು ಅವರು ಸೀಟಿನ ಆ ತುದಿಗೆ ಸರಿದು ಕೂತರು.

ಸಾಗರದಲ್ಲಿ ಗಾಡಿಗಳ ವೈರಿಂಗ್ ಮಾಡುವ ರಫೀಕ್, ಹಿಂದೆ ಕಾಲು ಮುರಿದುಕೊಂಡು ನನ್ನ ವಾರ್ಡಿನಲ್ಲಿ ಆರು ವಾರ ಮಲಗಿದ್ದವನು. ನನ್ನನ್ನು ಕಂಡವನೇ ಎದ್ದುನಿಂತು ಬೀಡಿ ಆರಿಸಿದ. ಡೈನಮೋ ಬಿಚ್ಚಿ ಮೂಸಿದ. "ಸಿಸ್ಟರೇ, ಒಳಗಡೆ ಪೂರ್ತಿ ಸುಟ್ಟೋಗಿದೆ. ಈಗ ಇದಕ್ಕೆ ವೈಂಡಿಂಗ್ ಮಾಡೋರೂ ಇಲ್ಲ. ಲಾರಿದು ಆಲ್ಟರ್ನೇಟರ್ ಹಾಕಣ. ಎಂಜಿನ್ ನಿಧಾನ ತಿರುಗಿದ್ರೂ ಚಾರ್ಜ್ ಮಾಡ್ತದೆ. ನಿಮ್ಮ ರೋಲರ್ ಹೆಂಗಿದ್ರೂ ನಿಧಾನನೇ ಅಲ್ವಾ."

ಇಲ್ಲಿಂದ ನನ್ನ ತಲೆ ಕೆಟ್ಟಿತು. ಬ್ಯಾಟರಿ ಎಂಜಿನನ್ನು ತಿರುಗಿಸುತ್ತದೆ. ಎಂಜಿನ್ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಅದು ಬ್ಯಾಟರಿಗೆ ಕರೆಂಟು ತುಂಬುತ್ತದೆ. ಹಾಗಾದರೆ ಮೊದಲು ಕೊಟ್ಟವರು ಯಾರು ಎಂದು ಕೇಳಿದೆ. "ಅಂಗಡಿಯೋರು, ಚಾರ್ಜ್ ಮಾಡಿ ಕೊಡ್ತಾರೆ" ಎಂದ. ಆಲ್ಟರ್ನೇಟರ್ ಕರೆಂಟು ಹುಟ್ಟಿಸಬೇಕಾದರೆ ಮೊದಲು ಅದಕ್ಕೇ ಸ್ವಲ್ಪ ಕರೆಂಟು ಕೊಡಬೇಕು ಎಂದೂ ಹೇಳಿದ. ಕರೆಂಟು ಇದ್ದರೆ ಇದು ಯಾಕೆ ಬೇಕಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ತಲೆಯಾಡಿಸಿದೆ. ನನ್ನ ತಲೆಯಾಡಿಸುವಿಕೆ ನೋಡಿದ ಯಾರಿಗೂ ನನಗೆ ಅರ್ಥವಾಗಿಲ್ಲ ಎಂದು ಗೊತ್ತಾಗುವುದಿಲ್ಲ. ಅದು ನನ್ನ ದೊಡ್ಡ ದೋಷ.

ಶನಿವಾರ ರಫೀಕ್ ಬಂದು, ಚಾರ್ಜ್ ಮಾಡಿದ ಬ್ಯಾಟರಿ ಇಟ್ಟು, ಪಟ್ಟಿ ವೆಲ್ಡ್ ಮಾಡಿಸಿ, ಬೆಲ್ಟ್ ಹೊಂದಿಸಿ, ಸಂಜೆಯೊಳಗೆ ಆಲ್ಟರ್ನೇಟರ್ ಕೂರಿಸಿದ. ಭಾನುವಾರ ಬಂದು ಉಳಿದ ಒಂದು ವೈರು ಕೊಟ್ಟು ಸ್ಟಾರ್ಟ್ ಮಾಡುತ್ತೇನೆ ಎಂದ. ನಾನು ಆಗ ಬಿಚ್ಚಿದ ನಟ್ಟುಗಳನ್ನು ಎಣಿಸಿ ಡಬ್ಬಿಗೆ ತುಂಬಿ ಚೀಟಿ ಅಂಟಿಸುತ್ತಿದ್ದೆ. ಬ್ಯಾಟರಿ ಕಡೆ ಕೈ ತೋರಿಸಿ ಅವನು ಶೀನಪ್ಪನಿಗೆ ಏನೋ ಹೇಳಿದ್ದು ಕಂಡಿತು. ಕೆಲಸದವರ ಮಾತು ಎಂದು ಕಿವಿ ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ವಾರದ ತಪಾಸಣೆ. ರೋಲರಿನ ಟೂಲ್‌ಬಾಕ್ಸ್ ಮುಚ್ಚಳದ ಒಳಗೆ ನಾನೇ ಬರೆದು ಅಂಟಿಸಿದ ಚಾರ್ಟು ಇದೆ: ಎಣ್ಣೆ, ನೀರು, ಗ್ರೀಸು, ಬ್ಯಾಟರಿ. ಬ್ಯಾಟರಿಯ ಮುಂದೆ, 'ಪ್ಲಸ್ ವೈರು ಚಾಸಿಗೆ' ಎಂದಿದೆ. ಈ ಹಳೆಯ ಯಂತ್ರದಲ್ಲಿ ಎಲ್ಲ ಗಾಡಿಗಳಿಗಿಂತ ಉಲ್ಟಾ, ಪ್ಲಸ್ಸೇ ಕಬ್ಬಿಣದ ಮೈಗೆ ಹೋಗುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದರು. ನೋಡುತ್ತೇನೆ, ಚಾಸಿಗೆ ಮೈನಸ್ ಕೊಟ್ಟಿದೆ. ಈ ಕಾಲದವರ ಗಡಿಬಿಡಿಯೇ ಇಷ್ಟು ಎಂದುಕೊಂಡೆ.

"ಶೀನಪ್ಪ, ಇದು ತಿರುಗುಮುರುಗಾಗಿದೆ."

"ರಫೀಕಣ್ಣನೇ ಹಂಗೆ ಕೊಟ್ಟೋಗಿದಾರೆ ಅಮ್ಮ. ಇನ್ಮೇಲೆ ಹಂಗೇ ಅಂತೆ."

"ಚಾರ್ಟಲ್ಲಿ ಏನಿದೆ, ಓದು."

"ಪ್ಲಸ್ ವೈರು ಚಾಸಿಗೆ."

"ಮತ್ತೆ?"

ಅವನು ನನ್ನ ಮುಖ ನೋಡಿದ, ಚಾರ್ಟು ನೋಡಿದ. ಸ್ಪ್ಯಾನರ್ ತಗೊಂಡು ವೈರು ಬದಲಿಸಿದ. ಕೊನೆಯ ವೈರು ತಾಗಿದ್ದೇ ತಡ, ಫಟ್ ಎಂದು ಕಿಡಿ ಹಾರಿ, ಹೊಸ ಆಲ್ಟರ್ನೇಟರಿನ ಕಿಂಡಿಗಳಿಂದ ಊದಿನಕಡ್ಡಿಯ ಹಾಗೆ ಸಣ್ಣ ಹೊಗೆ ಬಂತು. ವಾಸನೆ ಮಾತ್ರ ಊದಿನಕಡ್ಡಿಯದಲ್ಲ.

ರಫೀಕನಿಗೆ ಫೋನ್ ಮಾಡಿ, "ಸ್ವಲ್ಪ ಬಾ" ಎಂದಷ್ಟೇ ಹೇಳಿದೆ. ಏನಾಯಿತು ಎಂದು ಅವನು ಕೇಳಲಿಲ್ಲ. ಬಂದವನೇ ಹಿಂದಿನ ಮುಚ್ಚಳ ಬಿಚ್ಚಿ, ಸುಟ್ಟ ಡಯೋಡ್ ಪ್ಲೇಟ್ ತೆಗೆದು ತೋರಿಸಿದ. "ಡೈನಮೋ ಹಳೇ ಕಾಲದ್ದು ಸಿಸ್ಟರೇ, ಹೆಂಗೆ ಕೊಟ್ರೂ ಹೊಂದ್ಕೊಳ್ತಿತ್ತು. ಇದು ಒಂದೇ ಕಡೆಗೆ ಕರೆಂಟು ಬಿಡೋದು. ಅದಕ್ಕೇ ಮೈನಸ್ ಚಾಸಿಗೆ ಕೊಟ್ಟಿದ್ದೆ." ಆಮೇಲೆ ಚೀಲದಿಂದ ಇನ್ನೊಂದು ಹೊಸ ಪ್ಲೇಟ್ ತೆಗೆದ.

"ಇದು ಹೇಗೆ ತಂದೆ? ಸುಟ್ಟಿದೆ ಅಂತ ನಾನು ಹೇಳಲೇ ಇಲ್ವಲ್ಲ."

"ನಿನ್ನೆ ಚಾರ್ಟ್ ನೋಡಿದ್ದೆ."

"ನೋಡಿದವನು ಕಿತ್ತು ಹಾಕಬೇಕಿತ್ತು."

"ನೀವು ಬರ್ದಿದ್ದು," ಎಂದ ರಫೀಕ್, ಸ್ಕ್ರೂ ಬಿಗಿಯುತ್ತ. "ಧೈರ್ಯ ಬರಲಿಲ್ಲ."

ಮಧ್ಯಾಹ್ನ ರೋಲರ್ ಸ್ಟಾರ್ಟ್ ಆಯಿತು. ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ವಾಲಿತು. ಶೀನಪ್ಪ ಒಂದು ಗಂಟೆ ಎಂಜಿನ್ ಆರಿಸಲೇ ಇಲ್ಲ. ಸೋಮವಾರ ಸುರೇಶ ಗುಜರಿಯವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬಂದ. ಎದುರಿಗೆ ರೋಲರ್ ರಸ್ತೆ ತುಂಬ ಬರುತ್ತಿತ್ತು. ಅವನೇ ಕಾರನ್ನು ಹಿಂದಕ್ಕೆ ತಗೊಂಡು ದಾರಿ ಬಿಡಬೇಕಾಯಿತು. ಸಂಜೆ ನಡೆದದ್ದೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಶೀನಪ್ಪನನ್ನು ಕೇಳಿದ: "ಅಲ್ಲ ಮಾರಾಯ, ತಪ್ಪು ಅಂತ ಗೊತ್ತಿತ್ತು. ಸುಟ್ಟರೆ ನಿನ್ನ ಕೆಲಸ ಹೋಗ್ತದೆ ಅಂತ್ಲೂ ಗೊತ್ತಿತ್ತು. ಮತ್ತೆ ಯಾಕೆ ಬದಲಿಸ್ದೆ?"

ಶೀನಪ್ಪ ಸ್ವಲ್ಪ ಯೋಚಿಸಿ ಹೇಳಿದ: "ಅದು ಸುಟ್ರೆ ರಿಪೇರಿ ಆಗ್ತದೆ ಸುರೇಶಣ್ಣ. ಅಮ್ಮಂಗೆ ಎದುರು ಹೇಳಿದ್ರೆ ಆಗಲ್ಲ."

ಸುರೇಶ ಮತ್ತೆ ನಕ್ಕ. ನನಗೆ ನಗು ಬರಲಿಲ್ಲ. ಯಾರನ್ನು ಕಾಪಾಡುತ್ತೇನೆಂದು ಮಾತು ಕೊಟ್ಟಿದ್ದೆನೋ ಅವನ ಬುಡಕ್ಕೇ ನಾನು ಕಿಡಿ ಹಚ್ಚಿಸಿದ್ದೆ, ಅದೂ ಅವನ ಕೈಯಿಂದಲೇ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ನರ್ಸ್ ಹುಡುಗಿಯರು ನನ್ನ ಮುಂದೆ ಹೀಗೆಯೇ ಮುಖ ನೋಡಿ, ಚಾರ್ಟು ನೋಡಿ, ಹೇಳಬೇಕಾದ್ದನ್ನು ನುಂಗಿಕೊಂಡರೋ ಎಂದು ಎರಡು ದಿನ ಲೆಕ್ಕ ಹಾಕಿ, ಮೂರನೆಯ ದಿನ ಶೀನಪ್ಪನನ್ನು ಕರೆದೆ. "ನೋಡು, ಇನ್ನು ಮುಂದೆ ನಾನು ಹೇಳಿದ್ದು ತಪ್ಪು ಅನ್ನಿಸಿದರೆ ನನ್ನ ಮುಖದ ಮೇಲೇ ಹೇಳಬೇಕು. ತಿಳೀತಾ?" ಎಂದೆ.

"ಆಯ್ತಮ್ಮ" ಎಂದ ಕೂಡಲೇ.

ನನ್ನ ಮಾತು ಅವನಿಗೆ ಒಪ್ಪಿಗೆಯಾಯಿತೋ, ಅಥವಾ ಅಪ್ಪಣೆ ಎಂದು ಪಾಲಿಸಿದನೋ ಇವತ್ತಿಗೂ ಗೊತ್ತಾಗಿಲ್ಲ. ಕೇಳೋಣವೆಂದರೆ, ಅದಕ್ಕೂ ಅವನು "ಹೌದಮ್ಮ" ಎಂದೇ ಹೇಳುತ್ತಾನೆ.