ಓಟದ ದಾರಿಯಲ್ಲಿ ಐದು ಮನೆ

ಜಿಲ್ಲಾ ಮಟ್ಟದ ಗುಡ್ಡಗಾಡು ಓಟ ಈ ಸಲ ಹೆಮ್ಮಾಡಿಯ ಒಳರಸ್ತೆಯಲ್ಲಿ ಎಂದು ಗೊತ್ತಾದ ಸಂಜೆಯೇ ಸುಗುಣ ತವರಿಗೆ ಒಂದು ಫೋನು ಮಾಡಿದಳು. ಎತ್ತಿದವನು ತಮ್ಮ ನಾಗ.

"ಶನಿವಾರ ನಮ್ ಶರಣ್ಯಾ ನಿಮ್ಮನಿ ಎದ್ರಂಗೇ ಓಡ್ಕಂಡ್ ಹೋತ್ಲ್. ಹತ್ತ್ ಗಂಟಿಗೆ. ಒಂಚೂರ್ ಹೊರ್ಗ್ ಬಂದ್ ಕಾಣಿ, ಅಕಾ?"

ಅವಳು ಹೇಳಿದ್ದು ಅಷ್ಟೇ. ಆದರೆ ಆ ಎರಡು ಕಿಲೋಮೀಟರ್ ರಸ್ತೆಯಲ್ಲಿ ಸುಗುಣಳ ಕಡೆಯವರ ಮನೆ ಐದಿದ್ದವು. ಕತ್ತಲಾಗುವ ಮೊದಲೇ ಐದೂ ಮನೆಗೆ ಸುದ್ದಿ ಮುಟ್ಟಿತು. ಮುಟ್ಟುವಷ್ಟರಲ್ಲಿ 'ಓಡಿಕೊಂಡು ಹೋಗ್ತಾಳೆ' ಎಂಬುದು ಬರೀ 'ಬರ್ತಾಳೆ' ಎಂದಾಗಿತ್ತು.

ಸುಗುಣಳ ಗಂಡ ಕುಷ್ಟನಿಗೆ ಇದು ತಿಳಿಯದು. ಅವನು ಕೋಡಿಯ ಐಸ್ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆ ಒಡೆಯುವವನು. 2009ರ ಮಳೆಗಾಲ ಶುರುವಾದಾಗಿನಿಂದ ಅವನಿಗೆ ನೆಟ್ಟಗೆ ನಿದ್ದೆಯಿಲ್ಲ. ಒಂಬತ್ತನೇ ಕ್ಲಾಸಿನ ಮಗಳು ಬೆಳಿಗ್ಗೆ ಐದಕ್ಕೆ ಕಡಲ ಕರೆಯ ಮರಳಿನಲ್ಲಿ ಓಡಬೇಕು; ನಾಯಿಗಳನ್ನು ಅಟ್ಟಲು ಅಪ್ಪ ಸೈಕಲ್ ಹತ್ತಿ ಹಿಂದೆ ಹೋಗಬೇಕು. ಮನೆಯಲ್ಲಂತೂ ಬಾಣಂತಿ ಇದ್ದ ಹಾಗೆ ಪಥ್ಯ. ನೆನೆಸಿದ ಹೆಸರುಕಾಳು, ಬೇಯಿಸಿದ ಮೊಟ್ಟೆ. ಮಗಳ ನಿದ್ದೆ ಕೆಡಬಾರದೆಂದು ಸುಗುಣ ಟಿವಿಯ ಸದ್ದು ತೆಗೆದು, ಬರೀ ತುಟಿ ಅಲ್ಲಾಡುವುದನ್ನು ನೋಡಿಯೇ ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಏನು ಬೈದಳೆಂದು ಹೇಳುವಷ್ಟು ಪಳಗಿದ್ದಳು. ಈ ತಪಸ್ಸಿಗೆಲ್ಲ ಫಲವೆಂಬಂತೆ ಶರಣ್ಯಾ ತಾಲೂಕಿಗೆ ಎರಡನೆಯವಳಾಗಿದ್ದಳು. ಈ ಓಟದಲ್ಲಿ ಮೊದಲ ಆರರೊಳಗೆ ಬಂದರೆ ರಾಜ್ಯ ಮಟ್ಟ.

ಶನಿವಾರ ಎಂಟೂವರೆಗೆ ಅಪ್ಪ ಮಗಳು ಮೈದಾನ ತಲುಪಿದರು. ದೈಹಿಕ ಶಿಕ್ಷಕ ಪ್ರೇಮಾನಂದ ಮಾಷ್ಟ್ರು ದಾರಿ ವಿವರಿಸಿದರು. "ಎರಡ್ ಕಿಲೋಮೀಟ್ರ್ ಹೋಯಿ, ಕೆಂಪ್ ಬಾವುಟ ಸುತ್ತಿ, ಅದೇ ದಾರಿಯಂಗೆ ವಾಪಸ್. ಕುಷ್ಟಣ್ಣ, ನೀವ್ ಬಾವುಟದ ಹತ್ರ ನಿಂತ್ಕಣಿ. ಮುಂದೆ ಎಷ್ಟ್ ಜನ ಇದ್ರ್ ಅಂದೇಳಿ ಕೂಗಿ ಹೇಳಿ. ನಿಮ್ ಸ್ವರ ಕೇಂಡ್ರೆ ಅದ್ಕೊಂದ್ ಧೈರ್ಯ."

"ಅಪ್ಪಯ್ಯ, ಅಲ್ಲೇ ಇರ್ತ್ರಿ ಅಲ್ದಾ?" ಎಂದಳು ಶರಣ್ಯಾ.

"ಇರ್ತೆ ಮಗಾ. ಎಲ್ಲಿಗ್ ಹೋತೆ ನಾನ್?"

ಮಾಷ್ಟ್ರ ಸೈಕಲ್ ಪಡೆದು ಕುಷ್ಟ ಹೊರಟ. ಮೊದಲ ತಿರುವಿನಲ್ಲೇ ನಾಗ ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಮೂತಿ ಕೆತ್ತಿದ ಎಳನೀರು ನಾಲ್ಕು.

"ಬನ್ನಿ ಭಾವ! ಶರಣ್ಯಂಗೆ ಬೊಂಡ ಕೆತ್ತಿ ಇಟ್ಟಿದ್ದೆ."

ಕುಷ್ಟ ಸೈಕಲ್ಲಿನಿಂದ ಇಳಿದ. ತನ್ನ ಮಗಳು ಎಂಥವಳೆಂದು ಅವನಿಗೆ ಗೊತ್ತು. ದೊಡ್ಡವರು ಕರೆದರೆ ನಿಲ್ಲದೆ ಹೋಗುವ ಜಾಯಮಾನವಲ್ಲ.

"ಮರಾಯ, ಅವ್ಳ್ ಓಡುಕೆ ಬಪ್ಪುದ್, ನೆಂಟರ್ ಮನಿಗ್ ಬಪ್ಪುದಲ್ಲ! ಓಡುವತಿಗೆ ಬೊಂಡ ಕುಡುದ್ರೆ ಹೊಟ್ಟಿ ಹಿಡ್ಕಂತ್ತ್. ಎಂತದೂ ಕೊಡ್ಬೇಡ. ಕರೀಬೇಡ. ಮಾತೇ ಆಡ್ಬೇಡ."

ನಾಗನ ಮುಖ ಸಣ್ಣದಾಯಿತು. "ಹಂಗಾರೆ ಕೆತ್ತಿದ್ ಬೊಂಡ ಎಂತ ಮಾಡುದ್? ಹುಡ್ಗಿ ಪಾಲ್ ನೀವೇ ಮುಗ್ಸಿ. ಇಲ್ದಿರೆ ನಾನ್ ಕರದೇ ಕರೀತೆ."

ಕುಷ್ಟ ನಾಲ್ಕೂ ಎಳನೀರು ಕುಡಿದ. ಸೈಕಲ್ ಹತ್ತಿದಾಗ ಹೊಟ್ಟೆ ಅರ್ಧ ತುಂಬಿದ ಕೊಡಪಾನದ ಹಾಗೆ ಸದ್ದು ಮಾಡಿತು.

ಎರಡನೆಯದು ಸುಗುಣಳ ಅಕ್ಕ ವನಜಳ ಮನೆ. ಅಂಗಳದಂಚಿನಲ್ಲಿ ಬೆಂಚು, ಬೆಂಚಿನ ಮೇಲೆ ತಟ್ಟೆ ತುಂಬ ಅಕ್ಕಿ-ಬೆಲ್ಲದ ಹಾಲುಬಾಯಿ.

"ಒಂದ್ ತುಂಡ್ ಬಾಯಿಗ್ ಹಾಕ್ಕಂಡ್ ಓಡುಕೆ ಎಷ್ಟೊತ್ತ್ ಬೇಕ್?" ಎಂದಳು ವನಜ.

ಕುಷ್ಟ ಕೈ ಮುಗಿದು ಬೇಡಿದ. ವನಜ ಬೆಂಚಿನ ಮೇಲೆ ದೊಪ್ಪನೆ ಕುಳಿತಳು. "ಬೆಳಿಗ್ಗೆ ನಾಲ್ಕಕ್ಕೆ ಎದ್ದ್ ಕಾಯಿಹಾಲ್ ಹಿಂಡಿದ್ದೆ ಕುಷ್ಟ. ನನ್ ತಂಗಿ ಮಗ್ಳ್ ತಿನ್ನುಕಾಗ, ತಂಗಿ ಗಂಡನೂ ತಿನ್ನುಕಾಗ ಅಂಬ್ರೆ ನಾನ್ ಯಾರಿಗ್ ಮಾಡದ್ದ್?" ಅವಳ ಕಣ್ಣು ತುಂಬುವ ಲಕ್ಷಣ ಕಂಡಿತು. ಕುಷ್ಟ ತಿಂದ. ಆರು ತುಂಡು. ಪ್ರತಿಯಾಗಿ ವನಜ, ಹುಡುಗಿ ಹಾದುಹೋಗುವಾಗ ಕೈಕಟ್ಟಿ ಬಾಯಿಮುಚ್ಚಿ ನಿಲ್ಲುತ್ತೇನೆಂದು ದೇವರ ಆಣೆ ಮಾಡಿದಳು.

ಮೂರನೇ ಮನೆಯಲ್ಲಿ ಸುಕ್ಕಿನುಂಡೆ. ನಾಲ್ಕನೆಯದರಲ್ಲಿ ಕೊಟ್ಟೆ ಕಡುಬು, ಜತೆಗೆ ಬಂಗುಡೆ ಸಾರು. ಓಡುವ ಹುಡುಗಿಗೆ ಬಂಗುಡೆ ಸಾರನ್ನು ಹೇಗೆ ಕೊಡಬೇಕೆಂದಿದ್ದರೋ ಕೇಳುವ ಉಸಿರು ಕುಷ್ಟನಿಗಿರಲಿಲ್ಲ. ಅಲ್ಲಿಂದ ಮುಂದೆ ಸೈಕಲ್ ತುಳಿಯಲು ಕಾಲು ಮೇಲೆ ಬಂದರೆ ಹೊಟ್ಟೆ ತಡೆಯುತ್ತಿತ್ತು. ತಳ್ಳಿಕೊಂಡೇ ನಡೆದ.

ಕೆಂಪು ಬಾವುಟ ನೆಟ್ಟದ್ದು ಸರಿಯಾಗಿ ಐದನೇ ಮನೆಯ ಎದುರು. ಅದು ಸುಗುಣಳ ದೊಡ್ಡಮ್ಮ ಪದ್ದುವಿನ, ಊರಿಗೆಲ್ಲ ಪದ್ದಜ್ಜಿಯ, ಮನೆ. ಎಪ್ಪತ್ತೆರಡರ ಮುದುಕಿ ಗೇಟು ಹಿಡಿದು ನಿಂತಿದ್ದಳು.

"ಕೋಳಿ ಕೊಯ್ಸಿದ್ದೆ," ಎಂದಳು.

ಕುಷ್ಟ ಎಲ್ಲ ವಿವರಿಸಿದ. ಪದ್ದಜ್ಜಿ ಶಾಂತವಾಗಿ ಕೇಳಿದಳು. "ಅಕ್ಕ್. ನಾನ್ ತುಟಿ ಬಿಚ್ಚುದಿಲ್ಲ. ನೀ ಒಳ್ಗ್ ಹೋಯಿ ಉಣ್ಣ್."

ಅಷ್ಟರಲ್ಲಿ ದೂರದ ಮೈದಾನದ ಮೈಕಿನಲ್ಲಿ ಸೀಟಿ ಕೇಳಿಸಿತು. ಓಟ ಶುರು. ಎರಡು ಕಿಲೋಮೀಟರಿಗೆ ಎಷ್ಟು ಹೊತ್ತು ಬೇಕೆಂದು ಕುಷ್ಟ ಲೆಕ್ಕ ಹಾಕಿದ. ತಾನು ಓಡಿದರೆ ಎಷ್ಟಾದೀತೋ ಅಷ್ಟೇ ಲೆಕ್ಕ ಹಾಕಿದ. ಕಾಲು ಗಂಟೆಗೆ ಮೋಸವಿಲ್ಲ, ನಾಲ್ಕು ತುತ್ತು ಉಂಡು ಹೊರಗೆ ಬಂದರಾಯಿತು ಎಂದು ಒಳಗೆ ಹೋಗಿ ಎಲೆಯ ಮುಂದೆ ಕುಳಿತ.

ಶರಣ್ಯಾ ಆ ಹೊತ್ತಿಗೆ ಎರಡನೆಯವಳಾಗಿ ಓಡುತ್ತಿದ್ದಳು. ಮೊದಲ ತಿರುವಿನಲ್ಲಿ ನಾಗಮಾವ ಕಂಡ. ದೂರದಿಂದಲೇ ಬೊಬ್ಬೆ ಹೊಡೆಯುವ ಮಾವ ಇವತ್ತು ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದ. ಮುಂದೆ ವನಜ ದೊಡ್ಡಮ್ಮ ಕೈಕಟ್ಟಿ ನಿಂತು, ಇವಳನ್ನು ಕಂಡದ್ದೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂರನೇ ಮನೆಯವರು ಸಾಲಾಗಿ ನಿಂತಿದ್ದರು, ಒಬ್ಬರ ಮುಖದಲ್ಲೂ ನಗುವಿಲ್ಲ. ನಾಲ್ಕನೇ ಮನೆಯ ಎದುರೂ ಅದೇ ಮೌನ.

ಹುಡುಗಿ ಓಡುತ್ತಲೇ ತಿರುಗಿ ನೋಡಿದಳು. ಸಾವಿನ ಮನೆಯ ಎದುರು ಜನ ಹೀಗೆ ನಿಲ್ಲುವುದನ್ನು ಅವಳು ನೋಡಿದ್ದಳು. ಬಾವುಟದ ಹತ್ತಿರ ಅಪ್ಪ ಇರುತ್ತಾರೆ, ಅಪ್ಪ ಇದ್ದರೆ ಏನೂ ಆಗಿಲ್ಲ ಎಂದುಕೊಂಡು ಓಡಿದಳು. ಬಾವುಟದ ಹತ್ತಿರ ಬಂದರೆ ಅಪ್ಪ ಅಲ್ಲಿಲ್ಲ. ಸೈಕಲ್ ಮಾತ್ರ ಅಡ್ಡ ಬಿದ್ದಿದೆ.

ಶರಣ್ಯಾ ನಿಂತುಬಿಟ್ಟಳು. "ಅಜ್ಜಿ, ಅಪ್ಪಯ್ಯ ಎಲ್ಲಿ?"

ಪದ್ದಜ್ಜಿ ಮಾತಿಗೆ ತಪ್ಪುವವಳಲ್ಲ. ತುಟಿ ಬಿಗಿಹಿಡಿದು ಮನೆಯ ಒಳಗಡೆ ಕೈ ತೋರಿಸಿದಳು.

"ಎಂತಾಯ್ತ್ ಅಜ್ಜಿ?"

ಅಜ್ಜಿ ತುಟಿಯ ಮೇಲೆ ಬೆರಳಿಟ್ಟಳು.

ಶರಣ್ಯಾ ಚೀರುತ್ತ ಒಳಗೆ ನುಗ್ಗಿದಳು. ಚಾವಡಿ ದಾಟಿ, ಕೋಣೆ ದಾಟಿ, ಅಡುಗೆಮನೆಗೆ ಬಂದು ನೋಡಿದರೆ ಅಪ್ಪ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಕೋಳಿಯ ಕಾಲನ್ನು ಬಾಯಿಗೆ ಹಿಡಿದಿದ್ದ. ಮಗಳನ್ನು ಕಂಡು ಅವನ ಕಣ್ಣು ಅಗಲವಾಯಿತು. ಬಾಯಿ ತುಂಬ ತುತ್ತಿತ್ತು.

ಅವಳು ಕುಸಿದು ಅವನ ಬೆನ್ನಿಗೆ ಮುಖ ಒತ್ತಿ ಅತ್ತಳು. "ನೀವ್ ಸತ್ತೇ ಹೋದ್ರಿ ಅಂದೇಳಿ ಎಣ್ಸಿದ್ದೆ ಅಪ್ಪಯ್ಯ!"

ಕುಷ್ಟ ತುತ್ತು ನುಂಗಿದ. ಸಾರು ಮೆತ್ತಿದ ಕೈಯನ್ನು ಆಚೆ ಹಿಡಿದು ಎಡಗೈಯಿಂದ ಅವಳ ತಲೆ ಸವರಿದ. ಆಮೇಲೆ ಒಮ್ಮೆಲೇ ನೆನಪಾಗಿ ಕೂಗಿದ, "ಮಗಾ, ಓಟ! ಓಡ್! ಓಡ್!"

ಅಷ್ಟರಲ್ಲಿ ಹದಿನಾಲ್ಕು ಹುಡುಗಿಯರು ಬಾವುಟ ಸುತ್ತಿ ಹೋಗಿಯಾಗಿತ್ತು. ಶರಣ್ಯಾ ಕಣ್ಣೊರೆಸಿಕೊಂಡು ಹೊರಗೆ ಹಾರಿ ಬಾವುಟ ಸುತ್ತಿದಳು. ಹಿಂದೆ ಕುಷ್ಟ "ಓಡ್ ಮಗಾ" ಎನ್ನುತ್ತ ಬರಿಗಾಲಲ್ಲಿ ಓಡಿದ. ಅದನ್ನು ಕೇಳಿ ಐದೂ ಮನೆಯವರ ಬಾಯಿಯ ಬೀಗ ಕಳಚಿತು. ಅಷ್ಟು ಹೊತ್ತು ತಡೆದಿಟ್ಟ ಬೊಬ್ಬೆಯೆಲ್ಲ ಒಟ್ಟಿಗೇ ಹೊರಬಂತು. ಆ ಬೊಬ್ಬೆಗೆ ಹುಡುಗಿ ಹಾರಿದ ಹಾಗೆ ಓಡಿ ಒಬ್ಬೊಬ್ಬರನ್ನೇ ಹಿಂದೆ ಹಾಕಿದಳು. ಕೊನೆಗೆ ಆರನೆಯವಳ ಬೆನ್ನು ಕೈಗೆ ಸಿಗುವಷ್ಟು ಹತ್ತಿರವಿರುವಾಗ ದಾರಿ ಮುಗಿಯಿತು. ಏಳನೆಯವಳು.

ಕುಷ್ಟ ಮೈದಾನ ತಲುಪಿದ್ದು ಎಲ್ಲರಿಗಿಂತ ಕೊನೆಗೆ. ಗೋಳಿಮರದ ಬುಡದಲ್ಲಿ ಕುಳಿತಿದ್ದ ಮಗಳೇ ಎದ್ದು ಬಂದು ಅವನಿಗೆ ನೀರು ಕೊಟ್ಟಳು.

"ನನ್ನಿಂದ ನಿನ್ ಓಟ ಹಾಳಾಯ್ತ್ ಮಗಾ," ಎಂದ.

"ಓಟ ಬಪ್ಪೊರ್ಷವೂ ಇತ್ತ್ ಅಪ್ಪಯ್ಯ. ನಿಮ್ಮನ್ ಎಲ್ಲಿಂದ ತಕಂಡ್ ಬಪ್ಪುದ್?" ಎಂದಳು ಶರಣ್ಯಾ. ಕುಷ್ಟ ಮುಖ ತೊಳೆಯುವ ನೆಪದಲ್ಲಿ ಉಳಿದ ನೀರನ್ನೆಲ್ಲ ಕಣ್ಣಿಗೆ ಚಿಮುಕಿಸಿಕೊಂಡ.

ಆ ಹೊತ್ತಿಗೆ ಐದೂ ಮನೆಯವರು ತಪ್ಪಿತಸ್ಥರ ಹಾಗೆ ಮೈದಾನಕ್ಕೆ ಬಂದು ನಿಂತರು. ಅವರ ಮಧ್ಯೆ ದಾರಿ ಮಾಡಿಕೊಂಡು ಪ್ರೇಮಾನಂದ ಮಾಷ್ಟ್ರು ನಗುತ್ತ ಬಂದರು.

"ಕುಷ್ಟಣ್ಣ, ಬೇಜಾರ್ ಮಾಡ್ಬೇಡಿ. ಏಳ್ನೇದ್ ರಿಸರ್ವ್. ಆರ್ ಜನ್ರಲ್ಲಿ ಯಾರಿಗಾರೂ ಹುಷಾರಿಲ್ದಿರೆ ಇವ್ಳೇ ಹೋಪ್ದ್. ಹಂಗಾಯಿ ಕ್ಯಾಂಪಿಗೆ ಇವ್ಳೂ ಬರ್ಕ್. ಸೋಮವಾರದಿಂದ ಒಂದ್ ತಿಂಗ್ಳ್, ದಿನಾ ಬೆಳಿಗ್ಗೆ ಆರಕ್ಕೆ, ಇದೇ ಮೈದಾನ, ಇದೇ ರಸ್ತೆ. ಹೆಣ್ಮಕ್ಳ್ ಅಲ್ದಾ, ಮನಿಯವ್ರ್ ಒಬ್ರ್ ಒಟ್ಟಿಗಿರ್ಕ್."

ಐದು ಮನೆಯವರ ಮುಖವೂ ಒಟ್ಟಿಗೇ ಅರಳಿತು.

"ಸೋಮವಾರ ನಾಗನ್ ಮನಿ," ಎಂದಳು ಪದ್ದಜ್ಜಿ, ಬೆರಳು ಮಡಿಸುತ್ತ. "ಮಂಗ್ಳಾರ ವನಜ. ಶುಕ್ರಾರ ನಾನ್."

"ಅಜ್ಜಿ, ಓಡುವ ಮಕ್ಕಳಿಗೆ ಪಥ್ಯ ಇತ್ತ್," ಎಂದರು ಮಾಷ್ಟ್ರು.

"ಹೆಣ್ಣಿಗೆ ಒಂದ್ ಹನಿ ನೀರೂ ಕೊಡುದಿಲ್ಲ ಮಾಷ್ಟ್ರೇ. ನಮ್ಗೆ ಬುದ್ಧಿ ಬಂತ್," ಎಂದಳು ಪದ್ದಜ್ಜಿ. "ಇದ್ ಅಳಿಯಂಗೆ."

ಕುಷ್ಟ ದಿಕ್ಕು ಕಾಣದೆ ಮಗಳ ಕಡೆ ನೋಡಿದ. ಶರಣ್ಯಾ ಅವನ ಹೊಟ್ಟೆಯನ್ನೊಮ್ಮೆ, ಉದ್ದಕ್ಕೆ ಮಲಗಿದ ರಸ್ತೆಯನ್ನೊಮ್ಮೆ ನೋಡಿದಳು.

"ಸೋಮವಾರದಿಂದ ನೀವೂ ನನ್ನೊಟ್ಟಿಗೆ ಓಡಿ ಅಪ್ಪಯ್ಯ," ಎಂದಳು.